ಕಾಲಿನ್ಸ್ ಸ್ಟ್ರೀಟಿನ ಆ ಗುಮ್ಮಟ ಎಲ್ಲಿ ಹೋಯಿತು? ಆಸ್ಟ್ರೇಲಿಯಾದ ಕೆಡವಿದ ಕಟ್ಟಡಗಳು, ಉಳಿದ ಫೋಟೋಗಳು

ಕಾಲಿನ್ಸ್_ಮೂಲೆ (ಮೆಲ್ಬರ್ನ್):

ಎರಡು ಫೋಟೋ ಹಾಕಿದ್ದೇನೆ, ನೋಡಿ. ಎರಡೂ ಒಂದೇ ಜಾಗ. ಮೆಲ್ಬರ್ನಿನ ಕಾಲಿನ್ಸ್ ಸ್ಟ್ರೀಟ್ ಮತ್ತು ಕಿಂಗ್ ಸ್ಟ್ರೀಟ್ ಸೇರುವ ಮೂಲೆ. ಮೊದಲನೆಯದು 1890ರ ಆಸುಪಾಸಿನದು. ಏಳು ಮಹಡಿ, ಫ್ರೆಂಚ್ ಮಾದರಿಯ ಕಡಿದಾದ ಮಾಡು, ಮೂಲೆಯಲ್ಲಿ ಗುಮ್ಮಟ ಹೊತ್ತ ಗೋಪುರ. ಅದೇ ಫೆಡರಲ್ ಕಾಫಿ ಪ್ಯಾಲೇಸ್. 1888ರ ಶತಮಾನೋತ್ಸವದ ಅಂತಾರಾಷ್ಟ್ರೀಯ ಪ್ರದರ್ಶನಕ್ಕೆ ಬರುವ ಜನರಿಗಾಗಿ ಕಟ್ಟಿದ ಹೋಟೆಲ್. ಮದ್ಯ ಬೇಡ ಎನ್ನುವ ಚಳವಳಿ ಜೋರಾಗಿದ್ದ ಕಾಲ ಅದು. ಹೆಂಡ ಮಾರದೆಯೂ ದೊಡ್ಡ ಹೋಟೆಲ್ ನಡೆಸಬಹುದು ಅಂತ ತೋರಿಸಲು ಇಂಥ ಕಾಫಿ ಪ್ಯಾಲೇಸುಗಳನ್ನು ಕಟ್ಟುತ್ತಿದ್ದರು. ಇದರಲ್ಲಿ ಸುಮಾರು 370 ಕೋಣೆಗಳಿದ್ದವು. ನೀರಿನ ಒತ್ತಡದಿಂದ ಓಡುವ ಲಿಫ್ಟುಗಳಿದ್ದವು.

ಎರಡನೆಯದು ನಾನು ಮೊನ್ನೆ ಫೋನಿನಲ್ಲಿ ತೆಗೆದದ್ದು. ಗಾಜಿನ ಟವರ್.

1973ರ ಹೊತ್ತಿಗೆ ಪ್ಯಾಲೇಸ್ ನೆಲಸಮ ಆಗಿತ್ತು. ಅಲ್ಲಿ ಎಂಟರ್‌ಪ್ರೈಸ್ ಹೌಸ್ ಅಂತ ಒಂದು ಆಫೀಸ್ ಕಟ್ಟಡ ಬಂತು. ಅದು ಐವತ್ತು ವರ್ಷವೂ ಬಾಳಲಿಲ್ಲ. ಅದನ್ನೂ ಕೆಡವಿ ಈಗಿನ ಟವರ್ ಕಟ್ಟಿದ್ದಾರೆ. ಈ ಊರಲ್ಲಿ ಇದೊಂದೇ ಅಲ್ಲ. ಎಲಿಜಬೆತ್ ಸ್ಟ್ರೀಟಿನ ಹನ್ನೆರಡು ಮಹಡಿಯ ಎಪಿಎ (ಒಂದು ವಿಮಾ ಕಂಪನಿಯ ಹೆಸರು) ಕಟ್ಟಡ 1889ರದು. 1980ರಲ್ಲಿ ಹೋಯಿತು. ಮಾರ್ಕ್ ಟ್ವೈನ್ ಉಳಿದುಕೊಂಡಿದ್ದ ಮೆನ್ಜೀಸ್ ಹೋಟೆಲ್ 1969ರಲ್ಲಿ ಹೋಯಿತು. ಅಂಗಡಿಗಳ ಮುಂದಿನ ಕಬ್ಬಿಣದ ಕಸೂತಿಯ ಜಗಲಿಗಳನ್ನು 1956ರ ಒಲಿಂಪಿಕ್ಸಿಗೆ ಮೊದಲು ನಗರಸಭೆಯೇ ತೆಗೆಸಿತು. ಬರುವ ಅತಿಥಿಗಳಿಗೆ ಊರು ಹಳೇದಾಗಿ ಕಾಣಬಾರದು ಅಂತ!

ನನ್ನ ಮಾತು ನೇರ. ಇದಕ್ಕೆ ಪ್ರಗತಿ ಅನ್ನುವುದು ತಪ್ಪು. ಊರಿನ ಮುಖವನ್ನೇ ಕಿತ್ತು ಹಾಕಿದರು. ನೀವೇನಂತೀರಿ?

ಕಬ್ಬಿಣ_ಕಾಂಕ್ರೀಟ್ (ಮೆಲ್ಬರ್ನ್):

ಫೋಟೋ ಬಹಳ ಚೆನ್ನಾಗಿದೆ. ಆದರೆ ಫೋಟೋದಲ್ಲಿ ಕಾಣದ್ದನ್ನೂ ಹೇಳಬೇಕಲ್ವಾ? ನಾನು ಹಳೇ ಕಟ್ಟಡಗಳನ್ನು ಗಟ್ಟಿ ಮಾಡುವ ಕೆಲಸದಲ್ಲೇ ಇರುವವನು. ಇಟ್ಟಿಗೆ ಗೋಡೆಯೇ ಭಾರ ಹೊರುವ ಕಟ್ಟಡದಲ್ಲಿ ಎತ್ತರ ಏರಿದಷ್ಟೂ ಕೆಳಗಿನ ಗೋಡೆ ದಪ್ಪ ಆಗಬೇಕು. ಅಂದರೆ ಬಾಡಿಗೆ ಜಾಸ್ತಿ ಬರುವ ನೆಲಮಹಡಿಯ ಜಾಗವನ್ನೇ ಗೋಡೆ ತಿನ್ನುತ್ತದೆ. ಕೋಣೆಗೊಂದು ಬಚ್ಚಲು ಇರಲಿಲ್ಲ. ಬೆಂಕಿ ಬಿದ್ದರೆ ಇಳಿಯಲು ಮೆಟ್ಟಿಲು ಸಾಲದು. ಇವತ್ತಿನ ನಿಯಮಕ್ಕೆ ಅದನ್ನು ಹೊಂದಿಸುವುದು ಅಂದರೆ ಒಳಗಿನದ್ದೆಲ್ಲ ಕಿತ್ತು ಹೊಸದಾಗಿ ಕಟ್ಟಿದ ಹಾಗೆ.

ಇನ್ನು ದುಡ್ಡಿನ ವಿಷಯ. 1880ರ ದಶಕದಲ್ಲಿ ಮೆಲ್ಬರ್ನಿನಲ್ಲಿ ಭೂಮಿ ಬೆಲೆ ಹುಚ್ಚಾಪಟ್ಟೆ ಏರಿತು. ಸಾಲ ತಂದು ಇವನ್ನೆಲ್ಲ ಕಟ್ಟಿದರು. 1891ರಿಂದ 1893ರ ಒಳಗೆ ಬ್ಯಾಂಕುಗಳು ಒಂದರ ಹಿಂದೆ ಒಂದು ಬಾಗಿಲು ಹಾಕಿದವು. ಕಾಫಿ ಪ್ಯಾಲೇಸ್ ಚಳವಳಿಯ ಮುಂದಾಳು ಜೇಮ್ಸ್ ಮನ್ರೋ ವಿಕ್ಟೋರಿಯಾದ ಪ್ರೀಮಿಯರ್ (ಮುಖ್ಯಮಂತ್ರಿ) ಕೂಡ ಆಗಿದ್ದ. ಅವನೂ ದಿವಾಳಿ ಎದ್ದ. ಫೆಡರಲ್ ಕೊನೆಗೆ ಮದ್ಯದ ಲೈಸೆನ್ಸ್ ತೆಗೆದುಕೊಂಡೇ ಬದುಕಬೇಕಾಯಿತು. ಹುಟ್ಟಿದಾಗಿನಿಂದಲೇ ನಷ್ಟದ ಕಟ್ಟಡ ಅದು. ಅದನ್ನು ಯಾರ ದುಡ್ಡಿನಲ್ಲಿ ಉಳಿಸಬೇಕಿತ್ತು, ಹೇಳಿ.

ಕಾಲಿನ್ಸ್_ಮೂಲೆ:

@ಕಬ್ಬಿಣ_ಕಾಂಕ್ರೀಟ್, ನೀವು ಹೇಳಿದ ಕಷ್ಟಗಳೆಲ್ಲ ಸ್ಪ್ರಿಂಗ್ ಸ್ಟ್ರೀಟಿನ ವಿಂಡ್ಸರ್ ಹೋಟೆಲಿಗೂ ಇದ್ದವು. ಅದೂ 1880ರ ದಶಕದ್ದೇ. ಅದನ್ನು ಕೊಂಡ ಮೇಲೆ ಇದೇ ಮನ್ರೋ ಮದ್ಯದ ಲೈಸೆನ್ಸನ್ನು ಎಲ್ಲರ ಎದುರು ಸುಟ್ಟು ಕಾಫಿ ಪ್ಯಾಲೇಸ್ ಮಾಡಿದ. ಅದು ಇವತ್ತೂ ನಿಂತಿದೆ, ಹೋಟೆಲ್ ಆಗಿಯೇ ನಡೆಯುತ್ತಿದೆ. ಫೆಡರಲ್ ಇದ್ದ ಮೂಲೆಯಿಂದ ಕಾಲಿನ್ಸ್ ಸ್ಟ್ರೀಟಿನಲ್ಲೇ ಸ್ವಲ್ಪ ಮುಂದೆ ನಡೆದರೆ ರಿಯಾಲ್ಟೊ, ಓಲ್ಡರ್‌ಫ್ಲೀಟ್ ಸಿಗುತ್ತವೆ. ಅವೂ ಅದೇ ಕಾಲದವು. ರಿಯಾಲ್ಟೊ ಒಳಗೂ ಈಗ ಹೋಟೆಲ್ ಇದೆ. ಬಚ್ಚಲು ಹಾಕಿದರು, ವೈರ್ ಎಳೆದರು, ಬೆಂಕಿಗೆ ದಾರಿ ಮಾಡಿದರು. ಮನಸ್ಸಿದ್ದರೆ ಆಗುತ್ತದೆ.

ಗಾಜಿನ_ಫಲಕ (ಸಿಡ್ನಿ):

ನಿಮ್ಮಿಬ್ಬರ ಜಗಳದ ನಡುವೆ ಒಂದು ಕಾರಣ ಬಿಟ್ಟುಹೋಗಿದೆ. ಎತ್ತರದ ಮಿತಿ.

ಸಿಡ್ನಿಯಲ್ಲಿ 1912ರಲ್ಲಿ 150 ಅಡಿಗಿಂತ ಎತ್ತರ ಕಟ್ಟಬಾರದು ಅಂತ ಕಾನೂನು ಬಂತು. ಮೆಲ್ಬರ್ನಿನಲ್ಲಿ 1916ರಿಂದ 132 ಅಡಿ. ಬೆಂಕಿ ಆರಿಸುವವರ ಏಣಿ ಅದಕ್ಕಿಂತ ಮೇಲೆ ಮುಟ್ಟುತ್ತಿರಲಿಲ್ಲ. ಆ ಮಿತಿ ಇರುವವರೆಗೆ ಏಳೆಂಟು ಮಹಡಿಯ ಹಳೇ ಕಟ್ಟಡ ಕೆಡವಿ ಹನ್ನೊಂದು ಹನ್ನೆರಡು ಮಹಡಿ ಕಟ್ಟಿದರೆ ಸಿಗುವ ಲಾಭ ಅಷ್ಟಕ್ಕಷ್ಟೆ. ಹಾಗಾಗಿ ಬಹಳಷ್ಟು ಕಟ್ಟಡ ಸುಮ್ನೆ ಉಳಿದವು. 1957ರಲ್ಲಿ ಸಿಡ್ನಿ ಆ ಮಿತಿ ತೆಗೆಯಿತು. 1958ರಲ್ಲಿ ಮೆಲ್ಬರ್ನಿನಲ್ಲಿ ಐಸಿಐ ಹೌಸ್ ಎಂಬ ಆಫೀಸ್ ಟವರ್ ಅಲ್ಲಿನ ಮಿತಿ ದಾಟಿ ಇಪ್ಪತ್ತು ಮಹಡಿ ಎದ್ದು ನಿಂತಿತು. ಅಲ್ಲಿಂದ ಲೆಕ್ಕವೇ ಬದಲಾಯಿತು. ಕಟ್ಟಡಕ್ಕಿಂತ ಅದರ ಮೇಲಿರುವ ಖಾಲಿ ಆಕಾಶಕ್ಕೆ ಬೆಲೆ ಬಂತು. ನಂತರದ ಇಪ್ಪತ್ತು ವರ್ಷದಲ್ಲಿ ನಡೆದ ಕೆಡವಾಟ ನೋಡಿ, ಬಹುಪಾಲು ಇದರ ಹಿಂದೆಯೇ ಬಂದದ್ದು. ಕಟ್ಟಡ ಹಳೇದಾಯಿತು, ಬಚ್ಚಲಿಲ್ಲ ಅನ್ನುವುದು ಆಮೇಲೆ ಹುಡುಕಿದ ನೆಪ.

ಈಗ ಆ ಐಸಿಐ ಹೌಸೇ ರಾಷ್ಟ್ರೀಯ ಪಾರಂಪರಿಕ ಪಟ್ಟಿಯಲ್ಲಿದೆ.

ಕುತೂಹಲಿ (ಪರ್ತ್):

ನನಗೆ ಒಂದು ನಿಜವಾದ ಅನುಮಾನ. ದಯವಿಟ್ಟು ಬೈಯಬೇಡಿ. ಯೂಟ್ಯೂಬಿನಲ್ಲಿ ಬಹಳ ವಿಡಿಯೋ ನೋಡಿದ್ದೇನೆ. ಟಾರ್ಟೇರಿಯಾ ಅಂತ ಒಂದು ಮುಂದುವರಿದ ಸಾಮ್ರಾಜ್ಯ ಇತ್ತು, ಈ ಅರಮನೆಯಂಥ ಕಟ್ಟಡಗಳೆಲ್ಲ ಅವರದ್ದು, ಬ್ರಿಟಿಷರು ಬಂದು ಹೆಸರು ಹಾಕಿಕೊಂಡು ಆಮೇಲೆ ಗುರುತು ಅಳಿಸಲು ಕೆಡವಿದರು ಅಂತ ಹೇಳುತ್ತಾರೆ. ನಾನು ಪೂರ್ತಿ ನಂಬುವುದಿಲ್ಲ. ಆದರೆ ಮೂರು ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಸಿಡ್ನಿಯ ಗಾರ್ಡನ್ ಪ್ಯಾಲೇಸ್, ಅಂದರೆ 1879ರ ಅಂತಾರಾಷ್ಟ್ರೀಯ ಪ್ರದರ್ಶನದ ಗುಮ್ಮಟದ ಕಟ್ಟಡ, ಅಷ್ಟು ದೊಡ್ಡದು, ಎಂಟು ತಿಂಗಳಲ್ಲಿ ಹೇಗೆ ಕಟ್ಟಿದರು? ಹಳೇ ಫೋಟೋಗಳಲ್ಲಿ ಬೀದಿ ಯಾಕೆ ಖಾಲಿ? ಎಷ್ಟೋ ಕಟ್ಟಡಗಳ ಕಿಟಕಿ ಯಾಕೆ ಅರ್ಧ ನೆಲದೊಳಗೆ ಹೂತಿದೆ?

ಗಾಜಿನ_ಫಲಕ:

ಬೈಯುವ ಮಾತೇ ಇಲ್ಲ. ಒಳ್ಳೆಯ ಪ್ರಶ್ನೆಗಳು. ಉತ್ತರವೂ ಇದೆ.

ಗಾರ್ಡನ್ ಪ್ಯಾಲೇಸ್ ವಾಸ್ತುಶಿಲ್ಪಿ ಜೇಮ್ಸ್ ಬಾರ್ನೆಟ್, ನ್ಯೂ ಸೌತ್ ವೇಲ್ಸ್ ಸರ್ಕಾರದವನು. 1879ರ ಜನವರಿಯಲ್ಲಿ ಕೆಲಸ ಶುರು, ಸೆಪ್ಟೆಂಬರಿನಲ್ಲಿ ಪ್ರದರ್ಶನ ಶುರು. ಅಷ್ಟು ಬೇಗ ಆಗಿದ್ದಕ್ಕೆ ಎರಡು ಕಾರಣ. ಒಂದು, ಅದು ಕಲ್ಲಿನ ಅರಮನೆ ಅಲ್ಲ, ಹೆಚ್ಚಿನದೆಲ್ಲ ಮರ. ಎರಡು, ಇಂಗ್ಲೆಂಡಿನಿಂದ ವಿದ್ಯುತ್ ದೀಪ ತರಿಸಿ ರಾತ್ರಿಯೂ ಕೆಲಸ ಮಾಡಿಸಿದರು. ಕಟ್ಟುತ್ತಿರುವಾಗಿನ ಫೋಟೋಗಳೂ ಇವೆ. ಗುಮ್ಮಟದ ಪಕ್ಕೆಲುಬುಗಳು, ಸುತ್ತ ಕಟ್ಟಿದ ಸಾರುವೆ ಎಲ್ಲ ಅದರಲ್ಲಿ ಕಾಣುತ್ತದೆ. ಮರದ್ದು ಆದ್ದರಿಂದಲೇ 1882ರ ಸೆಪ್ಟೆಂಬರ್ 22ರ ಬೆಳಗಿನ ಜಾವ ಹತ್ತಿದ ಬೆಂಕಿಗೆ ಪೂರ್ತಿ ಬೂದಿಯಾಯಿತು. ಯಾರೂ ಕೆಡವಿದ್ದಲ್ಲ.

ಖಾಲಿ ಬೀದಿ: ಆಗ ಫಿಲ್ಮಿನ ಬದಲು ಗಾಜಿನ ಫಲಕ. ಚಿತ್ರ ಮೂಡಲು ಅದರ ಮೇಲೆ ಹಲವು ಸೆಕೆಂಡು ಬೆಳಕು ಬೀಳಬೇಕಿತ್ತು. ನಿಂತದ್ದು ಮಾತ್ರ ಮೂಡುತ್ತದೆ. ನಡೆಯುವವರು, ಓಡುವ ಗಾಡಿ ಮೂಡುವುದಿಲ್ಲ. ಮೂಲ ಸ್ಕ್ಯಾನನ್ನು ದೊಡ್ಡದು ಮಾಡಿ ನೋಡಿದರೆ ಬೀದಿಯಲ್ಲಿ ಮಂಜಿನಂಥ ಕಲೆಗಳು ಕಾಣುತ್ತವೆ. ಅವೇ ಜನ. ಕುದುರೆ ನಿಂತಿದ್ದರೆ ಕಾಲು ಸ್ಪಷ್ಟ ಇರುತ್ತದೆ, ಅಲ್ಲಾಡಿಸಿದ ತಲೆ ಮಾತ್ರ ಕಲಸಿಹೋಗಿರುತ್ತದೆ.

ಹೂತ ಕಿಟಕಿ: ಅದು ನೆಲಮಾಳಿಗೆ. ಗೋದಾಮಿಗೆ, ಅಡುಗೆಮನೆಗೆ ಬೆಳಕು ಬರಲಿ ಅಂತ ರಸ್ತೆ ಮಟ್ಟದಲ್ಲಿ ಕಿಟಕಿ ಇಡುತ್ತಿದ್ದರು. ಜೊತೆಗೆ ರಸ್ತೆಗಳ ಮಟ್ಟವನ್ನೇ ಏರಿಸಿ ಇಳಿಸಿ ಸರಿ ಮಾಡಿದ್ದಾರೆ. ಮೆಲ್ಬರ್ನಿನ ಎಲಿಜಬೆತ್ ಸ್ಟ್ರೀಟ್ ಇರುವುದೇ ಒಂದು ಹಳ್ಳದ ಮೇಲೆ. 1972ರ ಫೆಬ್ರವರಿಯ ಮಳೆಗೆ ಅಲ್ಲಿ ಕಾರುಗಳು ತೇಲಿದ ಫೋಟೋ ಹುಡುಕಿ ನೋಡಿ.

ಟಾರ್ಟೇರಿಯಾದ ಕಥೆ ನನಗೆ ನೋವು ಕೊಡುವುದು ಯಾಕೆಂದರೆ, ಅದು ಆ ಕಟ್ಟಡ ಕಟ್ಟಿದ ಕಲ್ಲುಕುಟಿಗರ, ಬಡಗಿಗಳ ಹೆಸರನ್ನೇ ಅಳಿಸುತ್ತದೆ. ಅವರ ಕೂಲಿ, ಮುಷ್ಕರ, ಗುತ್ತಿಗೆ ಎಲ್ಲ ಆಗಿನ ಪತ್ರಿಕೆಗಳಲ್ಲಿದೆ. ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಜಾಲತಾಣದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಓದಬಹುದು.

ಕುತೂಹಲಿ:

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಟ್ರೋವ್ ನೋಡುತ್ತೇನೆ.

ಮಲೆನಾಡ_ಮಗಳು (ಸಿಡ್ನಿ):

ಗಾರ್ಡನ್ ಪ್ಯಾಲೇಸ್ ಸುಟ್ಟಿತು ಅಂದಾಗ ಎಲ್ಲರೂ ಗುಮ್ಮಟಕ್ಕೆ ಮರುಗುತ್ತಾರೆ. ಒಳಗೆ ಏನಿತ್ತು ಅಂತ ಕೇಳುವವರು ಕಡಿಮೆ. ಈ ನೆಲದ ಮೂಲನಿವಾಸಿಗಳ ಗುರಾಣಿ, ಬೂಮರಾಂಗ್, ಈಟಿ ಮುಂತಾದ ದೊಡ್ಡ ಸಂಗ್ರಹ ಅಲ್ಲಿತ್ತು. ಆಗ್ನೇಯ ಆಸ್ಟ್ರೇಲಿಯಾದ ಹಲವು ಸಮುದಾಯಗಳಿಂದ ತಂದಿಟ್ಟದ್ದು. ಎಲ್ಲ ಹೋಯಿತು. 1881ರ ಜನಗಣತಿಯ ಕಾಗದಗಳೂ ಹೋದವು. ಗುಮ್ಮಟವನ್ನು ಬೇಕಿದ್ದರೆ ಇನ್ನೊಮ್ಮೆ ಕಟ್ಟಬಹುದಿತ್ತು. ಅಜ್ಜನ ಅಜ್ಜ ಕೆತ್ತಿದ ಗುರಾಣಿಯನ್ನು ಯಾರು ಕಟ್ಟಿಕೊಡುತ್ತಾರೆ?

2016ರಲ್ಲಿ ವಿರಾಜುರಿ ಮತ್ತು ಕಮಿಲರೊಯಿ ಎಂಬ ಮೂಲನಿವಾಸಿ ಸಮುದಾಯಗಳ ಕಲಾವಿದ ಜೊನಾಥನ್ ಜೋನ್ಸ್ ಸಿಡ್ನಿಯ ರಾಯಲ್ ಬೊಟಾನಿಕ್ ಗಾರ್ಡನ್‌ನಲ್ಲಿ ಒಂದು ಕೆಲಸ ಮಾಡಿದರು. ಸುಟ್ಟ ಕಟ್ಟಡದ ಗೋಡೆಗಳು ಎಲ್ಲೆಲ್ಲಿ ಹಾದುಹೋಗಿದ್ದವೋ ಆ ಗೆರೆಯುದ್ದಕ್ಕೂ 15,000 ಬಿಳಿ ಗುರಾಣಿಗಳನ್ನು ಹುಲ್ಲಿನ ಮೇಲೆ ಹರಡಿಟ್ಟರು. ನಾನು ಹೋಗಿದ್ದೆ. ಗುರಾಣಿಗಳ ಮೇಲೆ ಚಿತ್ತಾರ ಇರಲಿಲ್ಲ, ಬೋಳು. ಸುಟ್ಟುಹೋದ ವಸ್ತುಗಳ ಚಿತ್ತಾರ ಹೇಗಿತ್ತು ಅಂತ ಯಾರಿಗೂ ಗೊತ್ತಿಲ್ಲವಲ್ಲ, ಅದಕ್ಕೇ ಹಾಗೆ ಬಿಟ್ಟಿದ್ದಾರೆ ಅನಿಸಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಾಗಲೇ ಕಟ್ಟಡ ಎಷ್ಟು ದೊಡ್ಡದಿತ್ತು ಅಂತ ತಲೆಗೆ ಹೋದದ್ದು.

"ಊರಿನ ಮುಖ" ಅನ್ನುವಾಗ ಈ ಊರು ಬರುವ ಮೊದಲು ಅಲ್ಲಿ ಯಾರಿದ್ದರು ಅಂತಲೂ ಒಂದು ಸಾಲು ಬರೆಯಿರಿ. 1890ರ ಫೋಟೋದಿಂದ ಇತಿಹಾಸ ಶುರುವಾಗುವುದಿಲ್ಲ.

ಕಬ್ಬಿಣ_ಕಾಂಕ್ರೀಟ್:

@ಮಲೆನಾಡ_ಮಗಳು ಅವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಒಂದೇ ಜಾಗದಲ್ಲಿ ಪದರ ಪದರವಾಗಿ ಊರು ಬೆಳೆಯುತ್ತದೆ. ಸಿಡ್ನಿಯ ಬೆನೆಲಾಂಗ್ ಪಾಯಿಂಟ್ ನೋಡಿ. ಅಲ್ಲಿ ಮೊದಲು ಗಡಿಗಲ್ ಎಂಬ ಮೂಲನಿವಾಸಿ ಜನ ಇದ್ದರು. ಆಮೇಲೆ ಬ್ರಿಟಿಷರು ಮ್ಯಾಕ್ವಾರಿ ಕೋಟೆ ಕಟ್ಟಿದರು. 1901ರಲ್ಲಿ ಅದನ್ನು ಕೆಡವಿ ಕೋಟೆಯ ಹಾಗೇ ಕಾಣುವ ಟ್ರಾಮ್ ಡಿಪೋ ಕಟ್ಟಿದರು. ಇವತ್ತು ಅದರ ಫೋಟೋ ಹಾಕಿದರೆ "ಅಯ್ಯೋ ಎಂಥ ಚೆಂದ" ಅನ್ನುವ ನೂರು ಜನ ಬರುತ್ತಾರೆ. 1958ರಲ್ಲಿ ಆ ಡಿಪೋ ಕೆಡವಿದ್ದಕ್ಕೇ ಆಪೆರಾ ಹೌಸ್ ಬಂದದ್ದು. ಕೆಡವಬಾರದು ಅನ್ನುವ ನಿಯಮವನ್ನು ಅಂದು ಪಾಲಿಸಿದ್ದರೆ ಇಂದು ನಾವು ಒಂದು ಡಿಪೋ ಇಟ್ಟುಕೊಂಡು ಕೂತಿರುತ್ತಿದ್ದೆವು.

ಕಾಲಿನ್ಸ್_ಮೂಲೆ:

ಆಪೆರಾ ಹೌಸ್ ಬಂದ ಜಾಗ ಒಂದು. ಪಾರ್ಕಿಂಗ್ ಲಾಟ್ ಬಂದ ಜಾಗ ಎಷ್ಟು? ಅಡಿಲೇಡಿನಲ್ಲಿ ಗ್ರ್ಯಾಂಡ್ ಸೆಂಟ್ರಲ್ ಹೋಟೆಲ್ ಇತ್ತು, ರಂಡಲ್ ಸ್ಟ್ರೀಟಿನ ಮೂಲೆಯಲ್ಲಿ. 1970ರ ದಶಕದಲ್ಲಿ ಕೆಡವಿ ಬಹುಮಹಡಿ ಕಾರ್ ಪಾರ್ಕಿಂಗ್ ಮಾಡಿದರು. ಸಿಡ್ನಿಯ ಆಂಥನಿ ಹಾರ್ಡರ್ನ್ ಅಂಗಡಿ ಇಡೀ ಒಂದು ಬ್ಲಾಕ್ ಹಬ್ಬಿತ್ತು. 1986ರಲ್ಲಿ ಕೆಡವಿದರು. ಆಮೇಲೆ ವರ್ಷಗಟ್ಟಲೆ ಊರ ನಡುವೆ ಬರೀ ಒಂದು ಹೊಂಡ ಇತ್ತು. ವರ್ಲ್ಡ್ ಸ್ಕ್ವೇರ್ ಪೂರ್ತಿಯಾಗುವಾಗ 2004. ಆಪೆರಾ ಹೌಸ್ ಹೆಸರು ಹೇಳಿ ಇವನ್ನೆಲ್ಲ ಮಾಫಿ ಮಾಡಬೇಡಿ.

ನಾರ್ತ್_ಟೆರೇಸ್ (ಅಡಿಲೇಡ್):

ಅಡಿಲೇಡ್ ಹೆಸರು ಬಂತು, ಹಾಗಾಗಿ ಬಂದೆ. 1971ನೇ ಇಸವಿ ಒಂದನ್ನೇ ತೆಗೆದುಕೊಳ್ಳಿ. ಆ ವರ್ಷ ನಾರ್ತ್ ಟೆರೇಸಿನ ಸೌತ್ ಆಸ್ಟ್ರೇಲಿಯನ್ ಹೋಟೆಲ್ ಕೆಡವಿದರು. 1964ರಲ್ಲಿ ಬೀಟಲ್ಸ್ ಉಳಿದುಕೊಂಡ ಹೋಟೆಲ್ ಅದು. ಅದೇ ವರ್ಷ ಕಿಂಗ್ ವಿಲಿಯಂ ಸ್ಟ್ರೀಟಿನ ಹಳೇ ಬ್ಯಾಂಕ್ ಆಫ್ ಸೌತ್ ಆಸ್ಟ್ರೇಲಿಯಾ ಕಟ್ಟಡಕ್ಕೂ ಕೆಡವುವ ಕಾಲ ಬಂದಿತ್ತು. ಜನ ಬೀದಿಗೆ ಬಂದರು, ಚಂದಾ ಎತ್ತಿದರು. ಡಾನ್ ಡನ್‌ಸ್ಟನ್ ಸರ್ಕಾರ ಅದನ್ನು ಕೊಂಡಿತು. ಈಗ ಅದು ಎಡ್ಮಂಡ್ ರೈಟ್ ಹೌಸ್. ಒಂದೇ ಊರು, ಒಂದೇ ವರ್ಷ. ಒಂದು ಹೋಯಿತು, ಒಂದು ಉಳಿಯಿತು. ಕಟ್ಟಡದ ಗಟ್ಟಿತನಕ್ಕೂ ಇದಕ್ಕೂ ಏನೂ ಸಂಬಂಧ ಇರಲಿಲ್ಲ.

ಹಾದಿಹೋಕ:

ಪರ್ತ್‌ನಲ್ಲಿ ಬ್ಯಾರಕ್ಸ್ ಕಟ್ಟಡ ಕೆಡವಿ ಬರೀ ಕಮಾನು ಮಾತ್ರ ಬಿಟ್ಟಿದ್ದಾರೆ. 1966. ಕೆಳಗೆ ಫ್ರೀವೇ. ಪ್ರೀಮಿಯರ್ ಅದನ್ನೂ ತೆಗೆಸಬೇಕು ಅಂತಿದ್ದ. ಶಾಸಕರು ಮತ ಹಾಕಿ ಉಳಿಸಿದರು.

ಬ್ರಿಸ್ಬೇನಕ್ಕ (ಬ್ರಿಸ್ಬೇನ್):

ನೀವೆಲ್ಲ ದುಡ್ಡು, ಎತ್ತರ, ಬಚ್ಚಲು ಅಂತ ಮಾತಾಡುತ್ತಿದ್ದೀರಿ. ನಮ್ಮೂರಿನ ಕಥೆ ಬೇರೆ. ಇಲ್ಲಿ ಕೆಡವಿದ್ದು ಕತ್ತಲೆಯಲ್ಲಿ.

ಪಾರ್ಲಿಮೆಂಟ್ ಎದುರಿಗೇ ಬೆಲ್ಲೆವ್ಯೂ ಹೋಟೆಲ್ ಇತ್ತು. 1880ರ ದಶಕದ್ದು, ಮೂರು ಮಹಡಿ, ಸುತ್ತಲೂ ಕಬ್ಬಿಣದ ಕಸೂತಿಯ ಜಗಲಿ. ಸರ್ಕಾರವೇ ಅದರ ಮಾಲೀಕ. ಮೊದಲು 1974ರಲ್ಲಿ ಆ ಜಗಲಿಗಳನ್ನು ಕಿತ್ತರು. ಕಟ್ಟಡ ಬೋಳಾಯಿತು. "ನೋಡಿ, ಎಷ್ಟು ಕೊಳಕಾಗಿದೆ, ಉಳಿಸಿ ಏನು ಪ್ರಯೋಜನ" ಅನ್ನಲು ದಾರಿಯಾಯಿತು. 1979ರ ಏಪ್ರಿಲ್‌ನಲ್ಲಿ ಒಂದು ರಾತ್ರಿ, ಹನ್ನೆರಡು ಗಂಟೆ ದಾಟಿದ ಮೇಲೆ, ಡೀನ್ ಬ್ರದರ್ಸ್ ಎಂಬ ಕಟ್ಟಡ ಕೆಡವುವ ಕಂಪನಿಯ ಯಂತ್ರಗಳು ಬಂದವು. ಪೊಲೀಸರು ಸುತ್ತುವರಿದರು. ನೂರಾರು ಜನ ಕೂಗುತ್ತಾ ನಿಂತರು. ಬೆಳಗಾಗುವಾಗ ಇಟ್ಟಿಗೆ ರಾಶಿ. ಆಗ ಪ್ರೀಮಿಯರ್ ಜೊ ಬ್ಯೆಲ್ಕಿ ಪೀಟರ್ಸನ್.

ಮೂರು ವರ್ಷ ಕಳೆದು, 1982ರ ನವೆಂಬರ್ 7, ಬೆಳಗಿನ ನಾಲ್ಕು ಗಂಟೆ. ಬೋವೆನ್ ಹಿಲ್ಸ್ ಗುಡ್ಡದ ಮೇಲಿನ ಕ್ಲೌಡ್‌ಲ್ಯಾಂಡ್ ನೃತ್ಯಭವನ. ಅದರ ದೊಡ್ಡ ಕಮಾನು ಊರಿನ ಎಲ್ಲ ಕಡೆಯಿಂದ ಕಾಣುತ್ತಿತ್ತು. ಬಡ್ಡಿ ಹಾಲಿ ಅಲ್ಲಿ ಹಾಡಿದ್ದ. ಯೂನಿವರ್ಸಿಟಿ ಪರೀಕ್ಷೆಗಳನ್ನೂ ಅಲ್ಲೇ ನಡೆಸುತ್ತಿದ್ದರು. ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರು ತಮ್ಮ ಗಂಡನನ್ನು ಮೊದಲು ನೋಡಿದ್ದು ಆ ನೆಲದ ಮೇಲೆ. ಕುಣಿದರೆ ನೆಲವೇ ಸ್ವಲ್ಪ ಪುಟಿಯುತ್ತಿತ್ತು ಅಂತ ಕೈಯಲ್ಲಿ ತೋರಿಸುತ್ತಾರೆ. ಆ ಭವನವನ್ನೂ ಡೀನ್ ಬ್ರದರ್ಸ್‌ನವರೇ ಕೆಡವಿದರು. ಪರವಾನಗಿ ಇರಲಿಲ್ಲ. ಆ ಕಂಪನಿಯ ಘೋಷವಾಕ್ಯವೇ "ನಾವು ಬಿಟ್ಟುಹೋಗುವುದು ನೆನಪು ಮಾತ್ರ" ಅಂತ.

ಕ್ವೀನ್ಸ್‌ಲ್ಯಾಂಡಿಗೆ ಪಾರಂಪರಿಕ ಕಾಯ್ದೆ ಬಂದದ್ದು 1992ರಲ್ಲಿ. ಅಲ್ಲಿವರೆಗೆ ಹೇಳುವವರೇ ಇಲ್ಲ, ಕೇಳುವವರೇ ಇಲ್ಲ. ಹಗಲು ಹೊತ್ತಿನಲ್ಲಿ ಸಮರ್ಥಿಸಿಕೊಳ್ಳಲು ಆಗುವ ಕೆಲಸವಾಗಿದ್ದರೆ ಯಾರೂ ನಡುರಾತ್ರಿ ಮಾಡುವುದಿಲ್ಲ. ನನಗೆ ಕಟ್ಟಡ ಹೋದದ್ದಕ್ಕಿಂತ, ನಮ್ಮನ್ನು ಒಂದು ಮಾತೂ ಕೇಳದೆ ಹೋದದ್ದು ಹೊಟ್ಟೆ ಉರಿಸುತ್ತದೆ.

ಕಬ್ಬಿಣ_ಕಾಂಕ್ರೀಟ್:

ಇದರಲ್ಲಿ ನನ್ನದೇನೂ ತಕರಾರಿಲ್ಲ. ಪರವಾನಗಿ ಇಲ್ಲದೆ ಕೆಡವಿದ್ದು ಅಪರಾಧ. ಇಲ್ಲಿ ಕಾರ್ಲ್‌ಟನ್ನಿನಲ್ಲಿ 1850ರ ದಶಕದ ಕಾರ್ಕ್‌ಮನ್ ಪಬ್ಬನ್ನು 2016ರ ಒಂದು ವಾರಾಂತ್ಯದಲ್ಲಿ ಹಾಗೇ ಉರುಳಿಸಿದರು. ಅಷ್ಟು ಕಾನೂನು ಬಂದ ಮೇಲೂ! ಮಾಲೀಕರಿಗೆ ದೊಡ್ಡ ದಂಡ ಬಿತ್ತು. ಬೀಳಲೇಬೇಕು. ನಾನು ಹೇಳುತ್ತಿರುವುದು ಕಾನೂನಿನೊಳಗೆ, ಚರ್ಚೆ ಮಾಡಿ, ಕೆಡವುವ ಬಗ್ಗೆ.

ಗಾಜಿನ_ಫಲಕ:

ಬ್ರಿಸ್ಬೇನಕ್ಕನ "ಯಾರನ್ನು ಕೇಳಿದರು" ಅನ್ನುವ ಪ್ರಶ್ನೆ ಹಳೇ ಫೋಟೋಗಳಿಗೂ ಹೊಂದುತ್ತದೆ. ನಾವು ಈ ಫೋಟೋಗಳನ್ನು ನೆನಪಿಗಾಗಿ ತೆಗೆದದ್ದು ಅಂದುಕೊಳ್ಳುತ್ತೇವೆ. ಎಷ್ಟೋ ಫೋಟೋ ತೆಗೆದದ್ದು ಕೆಡವಲಿಕ್ಕೇ.

1900ರಲ್ಲಿ ಸಿಡ್ನಿಗೆ ಪ್ಲೇಗ್ ಬಂತು. 303 ಜನರಿಗೆ ತಗುಲಿತು, 103 ಜನ ಸತ್ತರು. ಬಂದರಿನ ಪಕ್ಕದ ದ ರಾಕ್ಸ್, ಮಿಲ್ಲರ್ಸ್ ಪಾಯಿಂಟ್ ಕಡೆ ಸರ್ಕಾರ ಮನೆಗಳನ್ನು ವಶಪಡಿಸಿಕೊಂಡಿತು. ಜಾನ್ ಡೆಗೊಟಾರ್ಡಿ ಎಂಬ ಸರ್ಕಾರಿ ಫೋಟೋಗ್ರಾಫರ್ ಗಲ್ಲಿ ಗಲ್ಲಿ ತಿರುಗಿ ಚಿತ್ರ ತೆಗೆದ. ಹಿತ್ತಲು, ಕಕ್ಕಸು, ಒಡೆದ ಬೇಲಿ, ಒಣಗಲು ಹಾಕಿದ ಬಟ್ಟೆ, ಬಾಗಿಲಲ್ಲಿ ನಿಂತು ಕ್ಯಾಮೆರಾ ನೋಡುತ್ತಿರುವ ಹೆಂಗಸು. ಆಮೇಲೆ ಸಿಡ್ನಿ ನಗರಸಭೆಯೂ ಕೆಡವಬೇಕಾದ ಮನೆಗಳ ಫೋಟೋ ತೆಗೆಸಿ ದೊಡ್ಡ ದೊಡ್ಡ ಪುಸ್ತಕಗಳಲ್ಲಿ ಅಂಟಿಸಿ ಇಟ್ಟಿತು. ಈ ಚಿತ್ರಗಳು ಸಾಕ್ಷಿ. "ನೋಡಿ, ಇಲ್ಲಿ ಮನುಷ್ಯರು ಬಾಳುವ ಹಾಗಿಲ್ಲ" ಅನ್ನಲು. ಆ ಹೆಂಗಸಿನ ಒಪ್ಪಿಗೆ ಯಾರೂ ಕೇಳಿಲ್ಲ. ಇವತ್ತು ಅದೇ ಫೋಟೋ ನೋಡಿ ನಾವು "ಎಷ್ಟು ಚೆಂದದ ಹಳೇ ಸಿಡ್ನಿ" ಅನ್ನುತ್ತೇವೆ.

ಇನ್ನೊಂದು ತುದಿಗೆ ಹೋಲ್ಟರ್‌ಮನ್ ಇದ್ದಾನೆ. ಹಿಲ್ ಎಂಡ್ ಗಣಿಯಲ್ಲಿ ಬಂಗಾರ ಸಿಕ್ಕಿ ಶ್ರೀಮಂತನಾದವನು. ನ್ಯೂ ಸೌತ್ ವೇಲ್ಸ್ ವಸಾಹತಿನ ಹೆಸರು ಹೊರಗೆ ಹಬ್ಬಿಸಬೇಕು, ಜನ ಬಂದು ನೆಲೆಸಬೇಕು ಅಂತ ದುಡ್ಡು ಸುರಿದ. ಲ್ಯಾವೆಂಡರ್ ಬೇ ಮೇಲಿನ ತನ್ನ ಮನೆಯ ಗೋಪುರವನ್ನೇ ಕ್ಯಾಮೆರಾ ಮಾಡಿಕೊಂಡು ಚಾರ್ಲ್ಸ್ ಬೇಲಿಸ್ ಕೈಯಲ್ಲಿ 1875ರಲ್ಲಿ ಸಿಡ್ನಿಯ ಚಿತ್ರ ತೆಗೆಸಿದ. ಅತಿ ದೊಡ್ಡ ಗಾಜಿನ ನೆಗೆಟಿವ್ 160 ಸೆಂಟಿಮೀಟರ್ ಅಗಲ! ಅವು ಕಳೆದೇ ಹೋಗಿದ್ದವು. 1951ರಲ್ಲಿ ಚ್ಯಾಟ್ಸ್‌ವುಡ್‌ನ ಒಂದು ಮನೆಯ ಹಿತ್ತಲ ಶೆಡ್ಡಿನಲ್ಲಿ ಸಿಕ್ಕವು. ಗಣಿ ಊರುಗಳ ಮೂರು ಸಾವಿರಕ್ಕೂ ಜಾಸ್ತಿ ಸಣ್ಣ ಫಲಕಗಳೂ ಜೊತೆಗಿದ್ದವು. ಈಗ ನ್ಯೂ ಸೌತ್ ವೇಲ್ಸ್ ರಾಜ್ಯ ಗ್ರಂಥಾಲಯದಲ್ಲಿವೆ. ಸ್ಕ್ಯಾನ್ ದೊಡ್ಡದು ಮಾಡುತ್ತಾ ಹೋದರೆ ಗುಲ್ಗಾಂಗ್ ಎಂಬ ಗಣಿ ಊರಿನ ಅಂಗಡಿಯ ಬೋರ್ಡಿನ ಸಣ್ಣ ಅಕ್ಷರವೂ ಓದಬಹುದು.

ಒಂದು ಕ್ಯಾಮೆರಾ ಊರನ್ನು ಮಾರಲು ಹೊರಟಿತ್ತು, ಇನ್ನೊಂದು ಊರನ್ನು ಕೆಡವಲು. ಯಾವ ಫೋಟೋ ನೋಡಿದರೂ ಮೊದಲು ಅದನ್ನು ತೆಗೆಸಿದವರು ಯಾರು ಅಂತ ಕೇಳಿ.

ಮಲೆನಾಡ_ಮಗಳು:

ದ ರಾಕ್ಸ್ ಎಂದಿರಿ. 1900ರಲ್ಲಿ ಒಂದಿಷ್ಟು ಹೋಯಿತು, ಹಾರ್ಬರ್ ಸೇತುವೆ ಕಟ್ಟುವಾಗ ಇನ್ನಷ್ಟು ಹೋಯಿತು. 1970ರ ಹೊತ್ತಿಗೆ ಉಳಿದದ್ದನ್ನೂ ತೆಗೆದು ಟವರ್ ಕಟ್ಟುವ ಯೋಜನೆ ಸಿದ್ಧವಾಗಿತ್ತು. ಅದನ್ನು ನಿಲ್ಲಿಸಿದ್ದು ಕಟ್ಟಡ ಕೂಲಿಗಳು. ಜ್ಯಾಕ್ ಮಂಡೆ ಮುಂದಾಳತ್ವದ ಬಿಲ್ಡರ್ಸ್ ಲೇಬರರ್ಸ್ ಫೆಡರೇಷನ್ ಎಂಬ ಕಾರ್ಮಿಕ ಸಂಘ. 1971ರಲ್ಲಿ ಹಂಟರ್ಸ್ ಹಿಲ್‌ನ ಹೆಂಗಸರು ಕೆಲ್ಲೀಸ್ ಬುಷ್ ಎಂಬ ಕಾಡಿನ ತುಂಡು ಉಳಿಸಿಕೊಡಿ ಅಂತ ಸಂಘಕ್ಕೆ ಹೋದರು. ಸಂಘ ಅಲ್ಲಿ ಕೆಲಸ ಮಾಡುವುದಿಲ್ಲ ಅಂತ ಸಾರಿತು. ಹೀಗೆ ಕಾಡು, ಹಳೇ ಕಟ್ಟಡ ಉಳಿಸಲು ಸಂಘವೇ ಕೆಲಸ ಮಾಡಲು ಒಪ್ಪದಿರುವುದಕ್ಕೆ ಗ್ರೀನ್ ಬ್ಯಾನ್ ಅಂತ ಹೆಸರು. ಅದೇ ಮೊದಲನೆಯದು. ಆಮೇಲೆ ದ ರಾಕ್ಸ್, ವಿಕ್ಟೋರಿಯಾ ಸ್ಟ್ರೀಟ್, ಥಿಯೇಟರ್ ರಾಯಲ್. ಕೆಡವಿದರೆ ಕೂಲಿ ಸಿಗುತ್ತಿದ್ದವರೇ ಕೆಡವುವುದಿಲ್ಲ ಅಂದರು. ವಿಕ್ಟೋರಿಯಾ ಸ್ಟ್ರೀಟ್ ಪರವಾಗಿ ಬರೆಯುತ್ತಿದ್ದ ಪತ್ರಕರ್ತೆ ಹ್ವನೀಟಾ ನೀಲ್ಸನ್ 1975ರಲ್ಲಿ ಕಾಣೆಯಾದರು. ಇವತ್ತಿಗೂ ಅವರ ದೇಹ ಸಿಕ್ಕಿಲ್ಲ. ಇವತ್ತು ರಾಕ್ಸ್‌ನಲ್ಲಿ ಶನಿವಾರ ಸಂತೆಗೆ ಹೋಗಿ ಫೋಟೋ ತೆಗೆಸಿಕೊಳ್ಳುವ ನಮ್ಮವರಿಗೆ ಇದು ಗೊತ್ತಿರಬೇಕು.

ಕಬ್ಬಿಣ_ಕಾಂಕ್ರೀಟ್:

ಗೌರವ ಇದೆ. ಆದರೆ ನನ್ನ ಮೊದಲ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ. ಉಳಿಸಿದ ಮೇಲೆ ದುಡ್ಡು ಯಾರದ್ದು? ಮಾಡು ಸೋರುತ್ತದೆ, ಮರಳುಗಲ್ಲು ಉದುರುತ್ತದೆ. ಅದಕ್ಕೇ ನಾನು ಮುಂಭಾಗ ಉಳಿಸಿ ಹಿಂದೆ ಟವರ್ ಕಟ್ಟುವುದನ್ನು ಬೆಂಬಲಿಸುವುದು. ಹಿಂದಿನ ಟವರಿನ ಬಾಡಿಗೆ ಮುಂದಿನ ಕಲ್ಲನ್ನು ಕಾಪಾಡುತ್ತದೆ.

ಕಾಲಿನ್ಸ್_ಮೂಲೆ:

ಮುಂಭಾಗ ಮಾತ್ರ ಉಳಿಸಿದರೆ ಅದು ಮುಖವಾಡ. ಒಳಗಿನ ಮೆಟ್ಟಿಲು, ಹಜಾರ, ಕೋಣೆಯ ಎತ್ತರ, ಅಲ್ಲಿ ನಡೆದ ಬದುಕು ಏನೂ ಇಲ್ಲ. ಕಾಲಿನ್ಸ್ ಸ್ಟ್ರೀಟಿನಲ್ಲಿ ಅಂಥದ್ದನ್ನು ದಿನಾ ನೋಡುತ್ತೇನೆ. ನನಗೆ ಅದು ಒಪ್ಪಿಗೆಯಾಗುವುದಿಲ್ಲ.

ದುಡ್ಡಿನ ಪ್ರಶ್ನೆಗೆ ಸಿಡ್ನಿಯ ಕ್ವೀನ್ ವಿಕ್ಟೋರಿಯಾ ಬಿಲ್ಡಿಂಗ್ ಉತ್ತರ. 1898ರ ಕಟ್ಟಡ. 1959ರಲ್ಲಿ ಮೇಯರ್ ಹ್ಯಾರಿ ಜೆನ್ಸನ್ ಅದನ್ನು ಕೆಡವಿ ಚೌಕ, ಕಾರ್ ಪಾರ್ಕಿಂಗ್ ಮಾಡೋಣ ಅಂದಿದ್ದರು. ಕೆಡವಲಿಲ್ಲ. ಮಲೇಷ್ಯಾದ ಇಪೋ ಗಾರ್ಡನ್ ಕಂಪನಿಗೆ 99 ವರ್ಷದ ಗುತ್ತಿಗೆ ಕೊಟ್ಟರು. ಅವರು ತಮ್ಮ ದುಡ್ಡು ಹಾಕಿ ರಿಪೇರಿ ಮಾಡಿ 1986ರಲ್ಲಿ ಬಾಗಿಲು ತೆರೆದರು. ಮಾಲೀಕತ್ವ ಊರಿನದ್ದೇ. ಪಾರ್ಕಿಂಗೂ ಇದೆ, ನೆಲದ ಕೆಳಗೆ.

ಗಾಜಿನ_ಫಲಕ:

ಇನ್ನೊಂದು ದಾರಿಯೂ ಇದೆ. ಸಿಡ್ನಿ ನಗರಸಭೆಯಲ್ಲಿ ಹೆರಿಟೇಜ್ ಫ್ಲೋರ್ ಸ್ಪೇಸ್ ಅಂತ ಒಂದು ವ್ಯವಸ್ಥೆ. ಹಳೇ ಕಟ್ಟಡದ ಮಾಲೀಕ ಅದನ್ನು ಸರಿಯಾಗಿ ರಿಪೇರಿ ಮಾಡಿ ಉಳಿಸಿಕೊಂಡರೆ, ಅವನು ಮೇಲೆ ಕಟ್ಟದೇ ಬಿಟ್ಟ ಜಾಗದ ಹಕ್ಕನ್ನು ಬೇರೆಡೆ ಟವರ್ ಕಟ್ಟುವವರಿಗೆ ಮಾರಬಹುದು. ಆ ಖಾಲಿ ಆಕಾಶದ ಬೆಲೆ ಎಂದಿದ್ದೆನಲ್ಲ, ಅದನ್ನೇ ಕಟ್ಟಡ ಉಳಿಸಲು ತಿರುಗಿಸಿದ್ದಾರೆ.

ಕಬ್ಬಿಣ_ಕಾಂಕ್ರೀಟ್:

ಅದು ಕೆಲಸ ಮಾಡುವುದು ಟವರಿಗೆ ಬೇಡಿಕೆ ಇರುವ ದೊಡ್ಡ ಊರಲ್ಲಿ ಮಾತ್ರ. ಬಲ್ಲಾರಟ್, ಬೆಂಡಿಗೋ ಅಂಥ ಕಡೆ ಆ ಹಕ್ಕನ್ನು ಕೊಳ್ಳುವವರು ಯಾರು? ಅಲ್ಲಿ ತೆರಿಗೆ ದುಡ್ಡೇ ಬೇಕು. ಹಾಗೆ ಹಾಕಿ ಅನ್ನುವವರು ನೇರವಾಗಿ ಹೇಳಲಿ, ನಾನೂ ಕೈ ಎತ್ತುತ್ತೇನೆ.

ಎಪ್ಪತ್ತರ_ಆಲ್ಬಂ (ಮೆಲ್ಬರ್ನ್):

ಇಷ್ಟು ಹೊತ್ತು ಓದುತ್ತಿದ್ದೆ. ಎಪಿಎ ಕಟ್ಟಡ ಎಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. 1973ರಲ್ಲಿ ಬಿಳಿಯರಿಗೆ ಮಾತ್ರ ಎನ್ನುವ ವಲಸೆ ನೀತಿ ಮುಗಿದ ಮೇಲೆ ಬಂದ ಮೊದಲ ಕನ್ನಡಿಗರಲ್ಲಿ ನಮ್ಮ ದೊಡ್ಡಪ್ಪ ಒಬ್ಬರು. 1978ರಲ್ಲಿ ಬಂದರು. ಊರಿಗೆ ಕಳಿಸಲು ಅಂತ ಸಿಕ್ಕಸಿಕ್ಕ ಕಡೆ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ಒಂದರಲ್ಲಿ ಎಲಿಜಬೆತ್ ಸ್ಟ್ರೀಟ್, ದೊಡ್ಡಮ್ಮ ಸೀರೆ ಮೇಲೆ ಕೋಟು ಹಾಕಿ ನಿಂತಿದ್ದಾರೆ, ಕೈಯಲ್ಲಿ ಟ್ರಾಮ್ ಟಿಕೆಟ್. ಹಿಂದೆ ಒಂದು ಎತ್ತರದ ಹಳೇ ಕಟ್ಟಡ. ಈಗ ಅಲ್ಲಿ ಅಂಥದ್ದು ಏನೂ ಇಲ್ಲ. ಅದು ಎಪಿಎ ಇರಬಹುದಾ?

ಗಾಜಿನ_ಫಲಕ:

ಎಲಿಜಬೆತ್ ಸ್ಟ್ರೀಟ್ ಮತ್ತು ಫ್ಲಿಂಡರ್ಸ್ ಲೇನ್ ಮೂಲೆ ಆಗಿದ್ದರೆ ಅದೇ! ಹಾಗಿದ್ದರೆ ಫೋಟೋ 1978ರಿಂದ 1980ರ ಒಳಗಿನದು, ಕೆಡವುವುದಕ್ಕೆ ಸ್ವಲ್ಪ ಮೊದಲು. ಬಣ್ಣದ ಫೋಟೋ ಅಲ್ವಾ? ಎಪಿಎಯ ಚಿತ್ರಗಳಲ್ಲಿ ಹೆಚ್ಚಿನವು ಕಪ್ಪುಬಿಳುಪು. ಕೊನೆಯ ದಿನಗಳಲ್ಲಿ ನೆಲಮಹಡಿಯಲ್ಲಿ ಯಾವ ಅಂಗಡಿ ಇತ್ತು, ಕಲ್ಲಿನ ಬಣ್ಣ ಹೇಗಿತ್ತು ಅಂತ ನಿಮ್ಮ ದೊಡ್ಡಮ್ಮನ ಹಿಂದೆ ಕಾಣಬಹುದು.

ದಯವಿಟ್ಟು 600 ಡಿಪಿಐಗೆ ಕಡಿಮೆ ಇಲ್ಲದೆ ಸ್ಕ್ಯಾನ್ ಮಾಡಿ. ಫೋನಿನಲ್ಲಿ ಫೋಟೋದ ಫೋಟೋ ತೆಗೆಯಬೇಡಿ. ಹಿಂಬದಿಯನ್ನೂ ಸ್ಕ್ಯಾನ್ ಮಾಡಿ, ತಾರೀಖು, ಸ್ಟುಡಿಯೋ ಮುದ್ರೆ ಇರುತ್ತದೆ. ನೆಗೆಟಿವ್ ಇದ್ದರೆ ಎಸೆಯಬೇಡಿ, ಅದೇ ಮೂಲ. ದೊಡ್ಡಮ್ಮ ಇದ್ದಾರೆ ಅಂದರೆ ಯಾವ ದಿನ, ಎಲ್ಲಿಗೆ ಹೊರಟಿದ್ದರು, ಒಳಗೆ ಹೋಗಿದ್ದರಾ ಅಂತ ಕೇಳಿ ಬರೆದಿಡಿ. ಆಮೇಲೆ ವಿಕ್ಟೋರಿಯಾ ರಾಜ್ಯ ಗ್ರಂಥಾಲಯಕ್ಕೆ ಬರೆದು ಕೇಳೋಣ. ಪತ್ರ ಬರೆಯಲು ನಾನು ಜೊತೆಗಿದ್ದೇನೆ.

ಕಬ್ಬಿಣ_ಕಾಂಕ್ರೀಟ್:

ಸ್ಕ್ಯಾನ್ ಆದ ಮೇಲೆ ನನಗೂ ಕಳಿಸಿ. ಕಿಟಕಿ ಸಾಲು ಎಣಿಸಿ ಹಳೇ ನಕ್ಷೆ ಜೊತೆ ಹೋಲಿಸಿದರೆ ಅದೇ ಕಟ್ಟಡವಾ ಅಲ್ಲವಾ ಅಂತ ಖಚಿತವಾಗಿ ಹೇಳಬಹುದು.

ಎಪ್ಪತ್ತರ_ಆಲ್ಬಂ:

ಭಾನುವಾರ ದೊಡ್ಡಮ್ಮನ ಮನೆಗೆ ಹೋಗುತ್ತೇನೆ. ಆಲ್ಬಂ ಇನ್ನೂ ಮೂರು ಇದೆ. ಸಿಡ್ನಿ, ಅಡಿಲೇಡ್‌ನದ್ದೂ ಇದೆ ಅಂದರು.